ಮೂರು ದಾರಿಯ ಭರಣಿ

"ಅಜ್ಜಾ, ಬಿಟ್ಟದ್ದು ನಿಜವಾಗಿ ಬಿಟ್ಟುಹೋಗುವುದು ಯಾವಾಗ?" ಎಂದು ಅಡಿವೆಪ್ಪ ಕೇಳಿದ.

ಮಠದ ಹಿರಿಯರನ್ನು ಆ ಸೀಮೆಯವರೆಲ್ಲ ಅಜ್ಜ ಎಂದೇ ಕರೆಯುತ್ತಿದ್ದರು. ಅಡಿವೆಪ್ಪ ಅವರ ಶಿಷ್ಯ. ಮಠಕ್ಕೆ ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಇಬ್ಬರೂ ಜಗಲಿಯ ಮೇಲೆ ಕೂತು ದಾಸೋಹಕ್ಕೆ ಶೇಂಗಾ ಸುಲಿಯುತ್ತಿದ್ದರು.

"ನೀನು ಏನು ಬಿಟ್ಟೆ?" ಎಂದರು ಅಜ್ಜ.

"ಕೋಪ ಬಿಟ್ಟೆ. ಅಣ್ಣನ ಮೇಲೆ ಬಹಳ ದಿನದ ಕೋಪವಿತ್ತು. ಮನೆಯಿಂದ ಹೊರಡುವ ದಿನ ಅವನ ಬಾಗಿಲಲ್ಲಿ ನಿಂತು ಹೇಳಬೇಕಾದದ್ದನ್ನೆಲ್ಲ ಹೇಳಿಬಿಟ್ಟೆ. ಅತ್ತಿಗೆ ಇದ್ದಳು, ಅವರ ಮಕ್ಕಳೂ ಇದ್ದರು. ಯಾರಿದ್ದಾರೆ ಎಂದು ನೋಡಲಿಲ್ಲ. ಒಂದು ಮಾತನ್ನೂ ಉಳಿಸಿಕೊಳ್ಳದೆ ಆಡಿ ಬಂದೆ. ಈಗ ಎದೆಯಲ್ಲಿ ಏನೂ ಇಲ್ಲ. ಇಲ್ಲಿ ನಿದ್ದೆಯೂ ಚೆನ್ನಾಗಿ ಬರುತ್ತದೆ. ಹಾಗಾದರೆ ಅದು ಬಿಟ್ಟುಹೋದಂತೆಯೇ ಅಲ್ಲವೇ?"

ಅಜ್ಜ ಒಂದು ಕಾಯಿ ಒಡೆದರು. ಒಳಗಿನ ಬೀಜ ಸುಕ್ಕಾಗಿತ್ತು. ಅದನ್ನು ಬೇರೆ ಇಟ್ಟು, ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಗಾಣಿಗನ ಮನೆಯಲ್ಲಿ ವರ್ಷವಿಡೀ ಕಾಳು ಇರುತ್ತದೆ. ಕುಸುಬೆ, ಎಳ್ಳು, ಶೇಂಗಾ. ಕಾಳಿಗೆ ಇಲಿಗಳು ಬರುತ್ತಿದ್ದವು. ಅವನ ತಂದೆ ಇಲಿಗಳಿಗೆಂದು ಪಾಷಾಣ ತಂದು ಒಂದು ಭರಣಿಯಲ್ಲಿ ಇಟ್ಟಿದ್ದ. ಪಾಷಾಣ ಬೆಳ್ಳಗೆ, ನುಣ್ಣಗೆ ಇತ್ತು. ಚಿಟಿಕೆಯಷ್ಟು ಹಿಟ್ಟಿನಲ್ಲಿ ಕಲಸಿ ಇಟ್ಟರೆ ಇಲಿ ಬೆಳಗಾಗುವಷ್ಟರಲ್ಲಿ ಅಂಗಾತ ಬಿದ್ದಿರುತ್ತಿತ್ತು.

ಭರಣಿ ಮೊದಲು ಮಾವಿನ ಉಪ್ಪಿನಕಾಯಿಗೆ ಇದ್ದದ್ದು. ಮೇಲೆ ಕಂದು, ಕೆಳಗೆ ಬಿಳಿ, ಎರಡು ಕಿವಿಗಳು. ಗಾಣಿಗನ ಹೆಂಡತಿ ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ತೊಳೆಯುವಾಗ ಒಂದು ಕಿವಿ ಮುರಿಯಿತು. ಒಡಕು ಪಾತ್ರೆ ಉಪ್ಪಿನಕಾಯಿಗೆ ಬೇಡ ಎಂದು ಮಾವ ಅದನ್ನು ಪಾಷಾಣಕ್ಕೆ ಇಟ್ಟುಕೊಂಡ. ಮುರಿದ ಕಿವಿಯನ್ನು ಅವಳು ಎಸೆಯಲಿಲ್ಲ. ಗೋಡೆಯ ಗೂಡಿನಲ್ಲಿ ಹಣತೆ ಅಲುಗದಂತೆ ಅದನ್ನು ಆಸರೆಗೆ ಇಟ್ಟಳು.

ಕಾಲ ಕಳೆಯಿತು. ತಂದೆ ತೀರಿಕೊಂಡ. ಮನೆಗೆ ಒಂದು ಬೆಕ್ಕು ಬಂತು, ಇಲಿಗಳು ಹೋದವು. ಪಾಷಾಣ ಮಾತ್ರ ಅರ್ಧ ಭರಣಿ ಉಳಿಯಿತು. ಮೂಲೆಯಲ್ಲಿದ್ದ ಅದನ್ನು ಯಾರೂ ನೆನೆಯುತ್ತಿರಲಿಲ್ಲ.

ಗಾಣಿಗನಿಗೆ ಮಗುವಾಯಿತು. ಮಗು ಅಂಬೆಗಾಲಿಡುವುದನ್ನು ಕಲಿಯಿತು. ಒಂದು ದಿನ ಅದು ಮೂಲೆಗೆ ಹೋಗಿ ಭರಣಿಯನ್ನು ತಬ್ಬಿಕೊಂಡು ನಗುತ್ತಿತ್ತು. ಅದರ ಹೊಳಪಿನಲ್ಲಿ ಮಗುವಿಗೆ ತನ್ನ ಮುಖ ಕಂಡಿತ್ತು.

ಹೆಂಡತಿ ಮಗುವನ್ನು ಎತ್ತಿಕೊಂಡು ಗಂಡನಿಗೆ ಹೇಳಿದಳು: "ಇವತ್ತೇ ಇದು ಮನೆಯಿಂದ ಹೋಗಬೇಕು."

"ಎಲ್ಲಿ ಹಾಕಲಿ?"

"ನನ್ನನ್ನೇಕೆ ಕೇಳುತ್ತೀರಿ? ಹೊಸ್ತಿಲು ದಾಟಿದರೆ ಸಾಕು."

ಗಾಣಿಗ ಕೆಟ್ಟವನಲ್ಲ. ತಿಪ್ಪೆಗೆ ಸುರಿಯೋಣವೆಂದರೆ ಕೋಳಿಗಳು ಕೆದಕುತ್ತವೆ. ಹೊಳೆಗೆ ಹಾಕೋಣವೆಂದರೆ ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ. ಹಿತ್ತಲಲ್ಲಿ ಹೂಳೋಣವೆಂದರೆ ಪಕ್ಕದಲ್ಲೇ ಬಾವಿ. ಬಹಳ ಯೋಚಿಸಿದ. ಕೊನೆಗೆ ಒಂದು ಉಪಾಯ ಹೊಳೆಯಿತು.

ಆ ಸೀಮೆಯಲ್ಲಿ ಮಕ್ಕಳಿಗೆ ದೃಷ್ಟಿ ತೆಗೆದ ಸಾಮಾನನ್ನು ಮೂರು ದಾರಿ ಕೂಡುವಲ್ಲಿ ಇಟ್ಟು ಬರುತ್ತಾರೆ. ದಾರಿಯಲ್ಲಿ ಕುಂಕುಮ ಹಚ್ಚಿದ ಲಿಂಬೆಹಣ್ಣು ಕಂಡರೆ ಯಾರೂ ದಾಟುವುದಿಲ್ಲ, ಸುತ್ತಿ ಹೋಗುತ್ತಾರೆ. ಕಳ್ಳನೂ ಅದನ್ನು ಮುಟ್ಟುವುದಿಲ್ಲ.

ಗಾಣಿಗ ಭರಣಿಯ ಮುಚ್ಚಳದ ಸುತ್ತ ಅರಗು ಹಾಕಿದ. ಬಾಯಿಗೆ ಕೆಂಪು ಬಟ್ಟೆ ಕಟ್ಟಿದ. ಮೈಗೆ ಅರಿಸಿನ ಬಳಿದು ಕುಂಕುಮ ಇಟ್ಟ. ಊರು ಏಳುವ ಮೊದಲೇ ಅದನ್ನು ಮೂರು ದಾರಿ ಕೂಡುವಲ್ಲಿ ಇಟ್ಟು, ಎದುರಿಗೆ ಲಿಂಬೆಹಣ್ಣು ಇಟ್ಟು ಬಂದ. ಬೀಗ ಹಾಕಿಟ್ಟರೆ ಒಡೆಯುವವರು ಇರುತ್ತಾರೆ, ಇದಕ್ಕೆ ಕೈ ಹಾಕುವ ಧೈರ್ಯ ಯಾರಿಗಿದೆ ಎಂದುಕೊಂಡ. ಅಂದು ಊಟಕ್ಕೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಎಲ್ಲಿಟ್ಟಿರಿ ಎಂದು ಹೆಂಡತಿ ಕೇಳಲಿಲ್ಲ. ಮೂಲೆ ಖಾಲಿಯಾಗಿತ್ತು, ಅಷ್ಟು ಸಾಕಾಗಿತ್ತು.

ಅವನು ಎಣಿಸಿದಂತೆಯೇ ಆಯಿತು. ಯಾರೂ ಮುಟ್ಟಲಿಲ್ಲ. ಬಂಡಿಗಳು ಭರಣಿಯನ್ನು ಸುತ್ತಿ ಹೋದವು. ಸುತ್ತಿ ಸುತ್ತಿ ದಾರಿಯೇ ಅಲ್ಲಿ ಬಾಗಿತು.

ಆ ಊರಿನಲ್ಲಿ ಬಂಡಿ ಹೊಡೆಯುವ ಒಬ್ಬ ಮುದುಕನಿದ್ದ. ಅವನ ಎತ್ತು ಕುಂಟುತ್ತಿತ್ತು. ಭರಣಿಯ ಹತ್ತಿರ ಬಂದಾಗ ಅವನು ಹೆದರಿ ಕೈ ಮುಗಿದ. ಅಂದೇ ಎತ್ತಿನ ಗೊರಸಿನಲ್ಲಿ ಸಿಕ್ಕಿದ್ದ ಮುಳ್ಳು ಕಳಚಿ ಬಿತ್ತು. ಎತ್ತು ನೆಟ್ಟಗೆ ನಡೆಯಿತು. ಮಾರನೆಯ ದಿನ ಮುದುಕ ಭರಣಿಯ ಮುಂದೆ ಒಂದು ದೀಪ ಹಚ್ಚಿದ. ದೀಪ ಕಂಡವರು ಕಾಯಿ ಒಡೆದರು. ಕಾಯಿ ಕಂಡವರು ಹರಕೆ ಹೊತ್ತರು. ಒಬ್ಬಳು ಅದಕ್ಕೆ ಸೀರೆ ಉಡಿಸಿದಳು. ದಾರಿಯಲ್ಲಿ ಕೂತ ತಾಯಿ ಎಂದು ಊರು ಅದನ್ನು ದಾರಿಯವ್ವ ಎಂದು ಕರೆಯಿತು. ಮುದುಕನೇ ಪೂಜಾರಿಯಾದ.

ಗಾಣಿಗನಿಗೆ ಮೊದಲು ಅಳುಕಾಯಿತು. ಆಮೇಲೆ, ಕೈ ಮುಗಿಯುವವರು ಮುಚ್ಚಳ ತೆಗೆಯುವುದಿಲ್ಲ, ಇದು ಇನ್ನೂ ಒಳ್ಳೆಯದೇ ಆಯಿತು ಎಂದು ಸಮಾಧಾನ ಮಾಡಿಕೊಂಡ. ದಾರಿಯವ್ವನ ದೀಪಕ್ಕೆ ಎಣ್ಣೆ ಅವನ ಗಾಣದಿಂದಲೇ ಹೋಗುತ್ತಿತ್ತು. ನಾಲ್ಕು ಜನರ ಜೊತೆಯಲ್ಲಿ ಆ ದಾರಿಯಲ್ಲಿ ಹೋಗುವಾಗ ಅವನೂ ಕೈ ಮುಗಿಯುತ್ತಿದ್ದ. ಮುಗಿಯದಿದ್ದರೆ ಏಕೆ ಎಂದು ಕೇಳುತ್ತಾರಲ್ಲ.

ಮನೆಯಲ್ಲಿ ಹೆಂಡತಿ, "ಯಾವುದೋ ಹೊಸ ದೇವರಂತೆ, ನೀವು ನೋಡಿದಿರಾ?" ಎಂದು ಕೇಳಿದಳು. ಮಗುವನ್ನು ಬಿಟ್ಟು ಅವಳು ಅಷ್ಟು ದೂರ ಹೋಗಿರಲಿಲ್ಲ.

"ನೋಡಿದೆ" ಎಂದು ಗಾಣಿಗ ಗಾಣದ ಕಡೆಗೆ ಹೋದ.

ಒಂದು ಮಳೆಗಾಲ ಹೋಯಿತು. ಕೆಂಪು ಬಟ್ಟೆ ಕೊಳೆಯಿತು. ಅರಗು ಬಿರುಕು ಬಿಟ್ಟಿತು. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಮುದುಕ ಭರಣಿಯನ್ನು ತೊಳೆಯಲು ಕೈ ಹಾಕಿದ. ಮುಚ್ಚಳ ಕೈಗೆ ಬಂತು. ಒಳಗೆ ಬೆಳ್ಳಗಿನ ಪುಡಿ.

"ವಿಭೂತಿ!" ಎಂದು ಮುದುಕ ಕೂಗಿದ. ಜನ ಓಡಿ ಬಂದರು. ತಾಯಿ ತಾನಾಗಿ ಬಾಯಿ ತೆರೆದಿದ್ದಾಳೆ ಎಂದರು. ಸಂಜೆ ದೀಪ ಹಚ್ಚಿದ ಮೇಲೆ ಮನೆಮನೆಗೂ ಹಂಚುವುದೆಂದು ಮಾತಾಯಿತು. ಮುದುಕ ಕಡ್ಡಿಯಲ್ಲಿ ಚಿಟಿಕೆಯಷ್ಟನ್ನು ವೀಳ್ಯದೆಲೆಗೆ ಹಾಕಿ, ಬೇರೆ ಊರಿನಿಂದ ಬಂದಿದ್ದ ಒಬ್ಬ ಹೆಂಗಸಿಗೆ ಆಗಲೇ ಕೊಟ್ಟ. ಮೊಮ್ಮಗುವಿಗೆ ಮೈ ಬೆಚ್ಚಗಿದೆ, ಸಂಜೆಯವರೆಗೆ ಕಾಯಲಾರೆ ಎಂದು ಅವಳು ಬೇಡಿಕೊಂಡಿದ್ದಳು.

ಅವಳು ಗಾಣಿಗನ ಅತ್ತೆ, ಅವನ ಹೆಂಡತಿಯ ತಾಯಿ. ಮಗುವಿಗೆ ಹಲ್ಲು ಬರುವ ಜ್ವರವಿತ್ತು. ನೋಡಲು ಬಂದಿದ್ದಳು.

ಗಾಣಿಗ ಊಟಕ್ಕೆಂದು ಮನೆಗೆ ಬಂದಾಗ ಅತ್ತೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಸೆರಗಿನ ಗಂಟು ಬಿಚ್ಚಿ ಎಲೆಯನ್ನು ಕೈಗೆ ತೆಗೆದುಕೊಂಡಿದ್ದಳು.

"ದಾರಿಯವ್ವನ ವಿಭೂತಿ, ಅಳಿಯಂದಿರೇ" ಎಂದಳು. "ಹಣೆಗಿಷ್ಟು, ನಾಲಿಗೆಗಿಷ್ಟು ಹಚ್ಚಿದರೆ ಕೂಸು ಸಂಜೆಯೊಳಗೆ ಆಡಿಕೊಂಡಿರುತ್ತದೆ."

ಗಾಣಿಗ ಅವಳ ಕೈಗೆ ಹೊಡೆದ. ಎಲೆ ಹಾರಿ ಬಿತ್ತು. ಪುಡಿ ನೆಲದ ಮೇಲೆ ಚೆಲ್ಲಿತು. ಮಗು ಅತ್ತಿತು.

"ದೇವರ ಪ್ರಸಾದಕ್ಕೆ ಕೈ ಎತ್ತಿದಿರಾ? ನನ್ನ ಮೇಲೆ ಕೈ ಎತ್ತಿದಿರಾ?" ಎಂದು ಅತ್ತೆ ಕೂಗಿದಳು. "ಇಂಥ ಮನೆಗೆ ಮಗಳನ್ನು ಕೊಟ್ಟೆನಲ್ಲ!"

ಹೆಂಡತಿ ಒಳಗಿನಿಂದ ಓಡಿ ಬಂದಳು. ನೆಲ ನೋಡಿದಳು. ಗಂಡನ ಮುಖ ನೋಡಿದಳು.

"ಅದೇನಾ?"

"ಅದೇ."

ಅವಳು ಮಗುವನ್ನು ಎತ್ತಿಕೊಂಡು ಕೈ, ಬಾಯಿ, ನಾಲಿಗೆ ನೋಡಿದಳು. ಏನೂ ಅಂಟಿರಲಿಲ್ಲ. ತಾಯಿಯ ಬೆರಳುಗಳನ್ನು ತಿಕ್ಕಿ ತಿಕ್ಕಿ ತೊಳೆಸಿದಳು. ಆಮೇಲೆ ಗಂಡನಿಗೆ, "ಎಲ್ಲಿಟ್ಟಿರಿ ಎಂದು ನಾನೂ ಕೇಳಲಿಲ್ಲ" ಎಂದಳು.

ಸಂಜೆ ಮನೆಮನೆಗೂ ಹಂಚುತ್ತಾರೆ ಎಂಬುದು ಅತ್ತೆಯಿಂದ ತಿಳಿಯಿತು. ಗಾಣಿಗ ಅಂಗಳಕ್ಕೆ ಇಳಿದ. ಕಾಲು ತಾಗಿಸಿ ಭರಣಿಯನ್ನು ಉರುಳಿಸಿಬಿಡಲೇ ಎಂದುಕೊಂಡ. ಉರುಳಿಸಿದರೆ ಜನ ಮಣ್ಣು ಸಮೇತ ಬಳಿದುಕೊಂಡು ಹೋಗುತ್ತಾರೆ. ತಾಯಿ ಕನಸಿನಲ್ಲಿ ಬಂದು ವಿಭೂತಿ ಮುಟ್ಟಬೇಡಿ ಎಂದಳು ಎನ್ನಲೇ ಎಂದುಕೊಂಡ. ಜನ ನಂಬುತ್ತಾರೆ. ಆದರೆ ನಾಳೆ ಅವಳು ಇನ್ನೊಬ್ಬರ ಕನಸಿನಲ್ಲಿ ಬಂದು ಹಂಚಿ ಎಂದರೆ? ಭರಣಿಗೆ ಹಚ್ಚಿದ ಕುಂಕುಮ ಸಾಲದೆ ಇನ್ನಷ್ಟು ಹಚ್ಚಿದಂತೆ ಆಗುತ್ತದೆ. ಗಾಣಿಗ ಮತ್ತೆ ಯೋಚಿಸಲಿಲ್ಲ. ಮೂರು ದಾರಿಯ ಕಡೆಗೆ ಓಡಿದ.

ಅಲ್ಲಿ ಆಗಲೇ ಜನ ಸೇರಿದ್ದರು. ಹೆಂಗಸರು ಎಲೆ ಹಿಡಿದು ಕೂತಿದ್ದರು. ಗಾಣಿಗ ಭರಣಿಯ ಮುಂದೆ ನಿಂತು ಹೇಳಿದ: "ಯಾರೂ ಮುಟ್ಟಬೇಡಿ. ಇದು ವಿಭೂತಿಯಲ್ಲ, ಇಲಿ ಪಾಷಾಣ. ಇಟ್ಟವನು ನಾನು."

ಯಾರೂ ನಂಬಲಿಲ್ಲ.

"ದೀಪಕ್ಕೆ ನೀನೇ ಎಣ್ಣೆ ಅಳೆದು ಕೊಡುತ್ತಿದ್ದೆ" ಎಂದ ಮುದುಕ. "ಆಗ ಪಾಷಾಣ ಅನ್ನಲಿಲ್ಲ. ಈಗ ತಾಯಿ ಬಾಯಿ ತೆರೆದ ಮೇಲೆ ನಿನ್ನ ಬಾಯಿಯೂ ತೆರೆಯಿತೋ?"

"ಇವನೂ ಕೈ ಮುಗಿಯುತ್ತಿದ್ದನಲ್ಲ" ಎಂದಳು ಒಬ್ಬಳು. "ನನಗಿಂತ ಬಗ್ಗಿ ಮುಗಿಯುತ್ತಿದ್ದ!"

"ಹೊಟ್ಟೆಕಿಚ್ಚು. ಪೂಜಾರಿಕೆ ಇವನಿಗೆ ಬೇಕಾಗಿತ್ತು" ಎಂದ ಇನ್ನೊಬ್ಬ.

ಗಾಣಿಗ ಭರಣಿಗೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತ. ಇಬ್ಬರು ಅವನ ರಟ್ಟೆ ಹಿಡಿದು ಎಳೆದರು. ಅಷ್ಟರಲ್ಲಿ ಅವನ ಹೆಂಡತಿ ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ಗೂಡಿನಿಂದ ತಂದ ಮುರಿದ ಕಿವಿ.

"ನಿಮ್ಮ ದಾರಿಯವ್ವನಿಗೆ ಕಿವಿ ಎಷ್ಟು?" ಎಂದು ಮುದುಕನನ್ನು ಕೇಳಿದಳು.

"ಒಂದು" ಎಂದ ಮುದುಕ. ದಿನವೂ ತೊಳೆಯುವವನಿಗೆ ಅದು ಗೊತ್ತಿತ್ತು.

"ಇನ್ನೊಂದು ಇಲ್ಲಿದೆ. ಮುರಿದವಳು ನಾನೇ. ಮಾವನಿಂದ ಬೈಗುಳ ತಿಂದದ್ದೂ ನಾನೇ."

ಮುದುಕ ಸೀರೆಯನ್ನು ಸ್ವಲ್ಪ ಸರಿಸಿದ. ಅವಳು ಕೊಟ್ಟ ತುಂಡನ್ನು ಭರಣಿಯ ಮುರಿದ ಜಾಗಕ್ಕೆ ಒತ್ತಿ ಹಿಡಿದ. ತುಂಡು ಸರಿಯಾಗಿ ಕೂತಿತು. ಮುದುಕ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಮುಚ್ಚಳವನ್ನು ತಾನೇ ಮುಚ್ಚಿದ. ಹೆಂಗಸರು ಎಲೆಗಳನ್ನು ಕೆಳಗಿಟ್ಟರು.

"ಹಾಗಾದರೆ ಇಷ್ಟು ದಿನ ನಾವು ಇಲಿ ಪಾಷಾಣಕ್ಕೆ ಕಾಯಿ ಒಡೆದೆವೇ?" ಎಂದು ಯಾರೋ ಕೇಳಿದರು.

ಗಾಣಿಗ ತಲೆ ಬಗ್ಗಿಸಿ ನಿಂತಿದ್ದ. ಊರು ತನ್ನನ್ನು ಹೊರಗೆ ಹಾಕುತ್ತದೆ ಎಂದೇ ಅವನು ತಿಳಿದಿದ್ದ. ಆಗ ಸೀರೆ ಉಡಿಸಿದವಳು ಮೆಲ್ಲಗೆ ಹೇಳಿದಳು: "ನಾನು ಹರಕೆ ಹೊತ್ತದ್ದು ಇಲಿ ಕಾಟ ಹೋಗಲಿ ಎಂದೇ. ಹೋಯಿತಲ್ಲ!"

ಒಬ್ಬರು ನಕ್ಕರು. ಆಮೇಲೆ ತಡೆಯಲಾಗಲಿಲ್ಲ. ಎಲ್ಲರೂ ನಕ್ಕರು. ನಗದೆ ಉಳಿದವರು ಮುದುಕ ಮತ್ತು ಗಾಣಿಗ.

"ಈಗ ಇದನ್ನು ಏನು ಮಾಡುತ್ತೀ?" ಎಂದ ಮುದುಕ.

"ಕತ್ತಲಾಗಲಿ. ಯಾರಿಗೂ ತೊಂದರೆಯಾಗದ ಕಡೆ ಒಯ್ದು ಹೂಳುತ್ತೇನೆ."

"ಮತ್ತೆ ಕದ್ದು ಇಡುತ್ತೀಯಾ? ಬೇಡ. ಹಗಲಲ್ಲಿ, ಎಲ್ಲರ ಎದುರಿಗೆ ಆಗಲಿ. ಎಲ್ಲಿದೆ ಎಂದು ಊರಿಗೆ ಗೊತ್ತಿರಲಿ."

ಅಂದು ರಾತ್ರಿ ಅವರಿಬ್ಬರೂ ಭರಣಿಯ ಕಾವಲಿಗೆ ಕೂತರು. ಬೆಳಗಾದ ಮೇಲೆ ಊರೇ ಹೊರಟಿತು. ಊರಾಚೆ ಒಂದು ಬೋಳು ದಿಣ್ಣೆಯಿತ್ತು. ಅಲ್ಲಿ ಬಾವಿಯಿಲ್ಲ, ಹೊಲವಿಲ್ಲ, ಮಳೆಯ ನೀರು ನಿಲ್ಲುವುದಿಲ್ಲ. ಗಟ್ಟಿ ನೆಲವನ್ನು ಆಳವಾಗಿ ಅಗೆದರು. ಸುಣ್ಣ, ಮರಳು ಅರೆದು ಗಾರೆ ಮಾಡಿ ಗುಂಡಿಯ ಬುಡಕ್ಕೆ ಹಾಕಿದರು. ಗಾಣಿಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಭರಣಿಯನ್ನು ಇಳಿಸಿದ. ಅದರ ಸೀರೆ, ಲಿಂಬೆಹಣ್ಣುಗಳು, ಅದು ಕೂತಿದ್ದ ಜಾಗದ ಮಣ್ಣು, ಅವನ ಮನೆಯ ನೆಲದಿಂದ ಕೆರೆದು ತೆಗೆದ ಮಣ್ಣು, ಅತ್ತೆ ಕೈ ತೊಳೆದ ನೀರು, ಎಲ್ಲವೂ ಗುಂಡಿಗೆ ಹೋದವು. ಅತ್ತೆಯ ಸೆರಗಿನ ತುದಿಯನ್ನೂ ಕತ್ತರಿಸಿ ಹಾಕಬೇಕಾಯಿತು. "ಹೊಸ ಸೀರೆ ಬರದೆ ನಾನು ಈ ಊರು ಬಿಡುವುದಿಲ್ಲ" ಎಂದಳು ಅತ್ತೆ. ಗಾಣಿಗ ಒಪ್ಪಿಕೊಂಡ. ಭರಣಿಯ ಸುತ್ತ, ಮೇಲೆ, ಗುಂಡಿಯ ಬಾಯಿಯವರೆಗೂ ಗಾರೆ ತುಂಬಿದರು.

ಗುರುತಿಗೆ ಏನು ಇಡುವುದು ಎಂಬ ಮಾತು ಬಂತು. ಕಲ್ಲು ನೆಡೋಣ ಎಂದರು ಕೆಲವರು. ಕಲ್ಲು ನೆಟ್ಟರೆ ಅದಕ್ಕೂ ಕುಂಕುಮ ಬೀಳುತ್ತದೆ ಎಂದರು ಉಳಿದವರು. ಸತ್ತ ಇಲಿಯ ಚಿತ್ರ ಕೆತ್ತಿಸೋಣ, ಬೇರೆ ಊರಿನವರಿಗೂ ತಿಳಿಯುತ್ತದೆ ಎಂದ ಒಬ್ಬ.

"ನಮ್ಮವರ ವಿಷಯ ನನಗೆ ಗೊತ್ತು" ಎಂದ ಮುದುಕ. "ಇಲಿ ಕಂಡರೆ ಗಣಪತಿಯ ವಾಹನ ಎನ್ನುತ್ತಾರೆ. ನಾಳೆಯೇ ಗರಿಕೆ ತಂದು ಇಡುತ್ತಾರೆ. ಮೊದಲು ತರುವವನು ನಾನೇ ಇರಬಹುದು."

ಯಾವ ಗುರುತೂ ಆಗುವುದಿಲ್ಲ ಎಂದಾಯಿತು. ಹಾಗಾದರೆ ಮುಂದಿನವರಿಗೆ ತಿಳಿಯುವುದು ಹೇಗೆ?

"ನಾನು ಹೇಳುತ್ತೇನೆ" ಎಂದ ಗಾಣಿಗ.

ಹಾಗೆಯೇ ಮಾಡಿದ. ಪ್ರತಿವರ್ಷ ಗಾಣಕ್ಕೆ ಪೂಜೆ ಮಾಡಿದ ಮಾರನೆಯ ದಿನ ಊರಿನ ಮಕ್ಕಳನ್ನೆಲ್ಲ ದಿಣ್ಣೆಗೆ ಕರೆದುಕೊಂಡು ಹೋಗುತ್ತಿದ್ದ. ಕೆಳಗೆ ಏನಿದೆ, ಯಾರು ಇಟ್ಟದ್ದು, ಮೊದಲು ಅದನ್ನು ಎಲ್ಲಿ ಇಟ್ಟಿದ್ದು, ಏನಾಗಿ ಹೋಗುತ್ತಿತ್ತು, ಎಲ್ಲವನ್ನೂ ಹೇಳುತ್ತಿದ್ದ. ತಾನು ಕೈ ಮುಗಿದದ್ದನ್ನೂ ಬಿಡುತ್ತಿರಲಿಲ್ಲ. ಹೇಗೆ ಮುಗಿದೆ ತೋರಿಸು ಎಂದು ಮಕ್ಕಳು ಕೇಳುತ್ತಿದ್ದರು. ಅವನು ಬಗ್ಗಿ ತೋರಿಸುತ್ತಿದ್ದ. ಅವು ಬಿದ್ದು ಬಿದ್ದು ನಗುತ್ತಿದ್ದವು. ಕೊನೆಗೆ ಎಲ್ಲರಿಗೂ ಎಳ್ಳುಂಡೆ ಕೊಡುತ್ತಿದ್ದ. ಊರಿನಲ್ಲಿ ಅವನಿಗೆ ದಾರಿಯವ್ವನ ಗಂಡ ಎಂಬ ಹೆಸರು ಬಿತ್ತು. ಅವನ ಹೆಂಡತಿ ಅದಕ್ಕೆ ಮಾತ್ರ ಸಿಟ್ಟಾಗುತ್ತಿದ್ದಳು.

ಹೀಗೆ ಹೇಳಿ ಹೇಳಿ ಅವನಿಗೆ ನಾಚಿಕೆ ಹೋಯಿತು. ಭರಣಿ ಮೂರು ದಾರಿಯಲ್ಲಿದ್ದಾಗ ಅವನು ಆ ಕಡೆ ಹೋಗುವಾಗಲೆಲ್ಲ ಮೊದಲು ಮುಚ್ಚಳ ನೋಡುತ್ತಿದ್ದ. ಈಗ ದಿಣ್ಣೆಯ ಪಕ್ಕದಲ್ಲಿ ಹೋಗುವಾಗ ತಿರುಗಿಯೂ ನೋಡುತ್ತಿರಲಿಲ್ಲ. ಅವನು ಮುದುಕನಾದ ಮೇಲೆ, ಭರಣಿಯಲ್ಲಿ ಮುಖ ನೋಡಿ ನಕ್ಕಿದ್ದ ಆ ಮಗುವೇ ಬೆಳೆದು ಮಕ್ಕಳನ್ನು ದಿಣ್ಣೆಗೆ ಕರೆದುಕೊಂಡು ಹೋಯಿತು. ಆ ಊರಿನಲ್ಲಿ ಇಂದಿಗೂ ಒಡೆದ ಗಾಜನ್ನೋ ಹಳೆಯ ಔಷಧಿಯನ್ನೋ ಯಾರಾದರೂ ಮನೆಯಿಂದ ಹೊರಗೆ ಒಯ್ದರೆ ಮನೆಯವರು ಕೇಳುತ್ತಾರೆ: "ಎಲ್ಲಿಗೆ? ಅಲ್ಲಿ ಯಾರಿದ್ದಾರೆ?"

ಅಜ್ಜ ಕತೆ ಮುಗಿಸಿದರು. ಬುಟ್ಟಿಯಲ್ಲಿ ಇನ್ನೂ ಶೇಂಗಾ ಇತ್ತು.

ಅಡಿವೆಪ್ಪ ಇನ್ನೂ ನಗುತ್ತಿದ್ದ. "ಎಂಥ ದಡ್ಡನಪ್ಪ ಆ ಗಾಣಿಗ!" ಎಂದ. "ತನ್ನ ಮನೆಯ ಮೂಲೆ ಖಾಲಿಯಾಯಿತು ಎಂದು ಇನ್ನೊಂದು ರೊಟ್ಟಿ ತಿಂದನಲ್ಲ ಅಜ್ಜಾ."

"ಅಡಿವೆಪ್ಪ, ನೀನು ಅಣ್ಣನ ಬಾಗಿಲಲ್ಲಿ ಇಟ್ಟು ಬಂದದ್ದನ್ನು ಆ ಮಕ್ಕಳಲ್ಲಿ ಯಾರು ಎತ್ತಿಕೊಂಡರು?" ಎಂದರು ಅಜ್ಜ.

ಜಗಲಿಯ ಮೇಲೆ ಶೇಂಗಾ ಒಡೆಯುವ ಸದ್ದು ಅಜ್ಜನ ಕೈಯದೊಂದೇ ಆಯಿತು.